ಇದ್ದಿಲಿನ ಜಳಕ

ಸುಳ್ಳು ಹೇಳಿದ ಹುಡುಗನಿಗೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯುಂಟು. ಅದೇ ಸುಳ್ಳನ್ನು ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದವರಿಗೆ ವೇದಿಕೆಯ ಮೇಲೆ ಕುರ್ಚಿಯುಂಟು, ಕೊರಳಿಗೆ ಹಾರವುಂಟು. ಈ ವ್ಯತ್ಯಾಸವೇಕೆಂದು ನಾನು ಬಹಳ ಯೋಚಿಸಿದ್ದೇನೆ. ಉತ್ತರ ಸಿಕ್ಕಿಲ್ಲ, ಸಿಕ್ಕಿದ್ದು ಈ ಕಥೆ ಮಾತ್ರ.

೧೯೨೭ರ ಮಾರ್ಗಶಿರ ಮಾಸದಲ್ಲಿ ಬೆಳಗಾವಿಯ ಓಣಿಗಳಲ್ಲಿ ಹಂಚಲಾದ ಆ ಗುಲಾಬಿ ಕಾಗದದಲ್ಲಿ ಹೀಗೆ ಬರೆದಿತ್ತು: "ಖಾನಾಪುರದ ಬಳಿ ಹರಿಯುವ ಮಲಪ್ರಭಾ ಮಾತೆಯ ಪವಿತ್ರ ಜಲದಿಂದ ಉತ್ಪನ್ನವಾದ ವಿದ್ಯುದ್ದೀಪ. ಹೊಗೆಯಿಲ್ಲ, ಎಣ್ಣೆಯಿಲ್ಲ, ಮೈಲಿಗೆಯಿಲ್ಲ. ದೇವರ ಕೋಣೆಗೂ ಯೋಗ್ಯ." ಕೆಳಗೆ ಹೊಸ ವಿದ್ಯುತ್ ಕಂಪನಿಯ ಅಧ್ಯಕ್ಷರಾದ ರಾವಸಾಹೇಬ ಬಿಂದುಮಾಧವರಾಯರ ಸಹಿ. ಈ ಇಡೀ ಬರಹದಲ್ಲಿ ಸಹಿಯೊಂದೇ ನಿಜ.

ವಿದ್ಯುತ್ತು ನಿಜವಾಗಿ ಹುಟ್ಟುತ್ತಿದ್ದ ಬಗೆ ಇದು. ಖಾನಾಪುರದ ಆಚೆ, ಹಲಸಿಯ ಕಡೆಯ ಅಡವಿಯಲ್ಲಿ, ಕಟ್ಟಿಗೆಯ ರಾಶಿಗೆ ಮಣ್ಣು ಮುಚ್ಚಿ ಒಳಗೊಳಗೇ ಸುಟ್ಟು ಇದ್ದಿಲು ಮಾಡುತ್ತಿದ್ದರು. ಅದು ಚೀಲಗಳಲ್ಲಿ ರೈಲು ಹತ್ತಿ ಬೆಳಗಾವಿಗೆ ಬರುತ್ತಿತ್ತು. ಸ್ಟೇಶನ್ನಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಆಳೆತ್ತರದ ಕಬ್ಬಿಣದ ಒಲೆಯೊಂದಿತ್ತು. ಅದರೊಳಗೆ ಇದ್ದಿಲು ಧಗಧಗನೆ ಉರಿಯುತ್ತಿರಲಿಲ್ಲ. ಬೇಕಾದಷ್ಟು ಗಾಳಿ ಕೊಡದೆ ಕಾಡಿಸಿದ್ದರಿಂದ ಉಸಿರುಗಟ್ಟಿ ಕನಲಿ ಗ್ಯಾಸು ಬಿಡುತ್ತಿತ್ತು. ಬೂದಿ, ಡಾಂಬರುಗಳಿಂದ ಹೊಲಸಾದ ಆ ಗ್ಯಾಸನ್ನು ಎತ್ತರದ ಕೊಳವೆಯೊಂದರಲ್ಲಿ ಮೇಲಿಂದ ಸುರಿಯುವ ನೀರಿನ ನಡುವೆ ಹಾಯಿಸಿ ತೊಳೆಯುತ್ತಿದ್ದರು. ತೊಳೆದ ಗ್ಯಾಸು ಇಂಜಿನ್ನಿನ ಹೊಟ್ಟೆ ಸೇರಿ ಸಿಡಿದು ದೊಡ್ಡ ಗಾಲಿಯನ್ನು ತಿರುಗಿಸುತ್ತಿತ್ತು. ಗಾಲಿ ಚರ್ಮದ ಪಟ್ಟಾದ ಮೂಲಕ ಡೈನಮೋವನ್ನು ತಿರುಗಿಸುತ್ತಿತ್ತು. ಡೈನಮೋ ತಾಮ್ರದ ತಂತಿಗೆ ವಿದ್ಯುತ್ತನ್ನು ಹರಿಸುತ್ತಿತ್ತು. ಮಲಪ್ರಭೆಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಗ್ಯಾಸು ತೊಳೆಯುವ ನೀರು ಕೂಡ ಶೆಡ್ಡಿನ ಹಿಂದಿನ ಬಾವಿಯದು. ಇನ್ನು ಎಣ್ಣೆಯ ಮಾತು: ಇಂಜಿನ್ನಿನ ಕೀಲುಗಳು ದಿನಕ್ಕೆರಡು ಡಬ್ಬಿ ಎಣ್ಣೆ ಕುಡಿಯುತ್ತಿದ್ದವು.

ಸುಳ್ಳು ಹುಟ್ಟಿದ್ದು ಮಾತ್ರ ಶೆಡ್ಡಿನಲ್ಲಲ್ಲ, ರಾಯರ ಮನೆಯಲ್ಲಿ.

ರಾಯರ ತಾಯಿ ಚಂದ್ರಭಾಗಾಬಾಯಿಯವರಿಗೆ ಎಪ್ಪತ್ತು ದಾಟಿತ್ತು. ನಾಲ್ವತ್ತು ವರ್ಷಗಳಿಂದ ಪ್ರತಿದಿನ ಸಂಜೆ ದೇವರ ಕೋಣೆಯಲ್ಲಿ ಪುರಾಣದ ಪೋಥಿಯ ಒಂದು ಅಧ್ಯಾಯ ಓದದೆ ಅವರು ಬಾಯಿಗೆ ನೀರು ಹಾಕಿದವರಲ್ಲ. ಎರಡು ವರ್ಷಗಳಿಂದ ಕಣ್ಣಿಗೆ ಮಂಜು ಕವಿದು ತುಪ್ಪದ ದೀಪದ ಬೆಳಕಿನಲ್ಲಿ ಅಕ್ಷರ ಕಾಣದಂತಾಗಿತ್ತು. ಸೊಸೆ ಕುಂದಾ ಓದಿ ಹೇಳುತ್ತಿದ್ದಳು. ಆದರೆ ಒಲೆಯ ಮೇಲೆ ಸಾರು ಕುದಿಯತೊಡಗಿದರೆ ಕುಂದಾಳ ಓದಿನಲ್ಲಿ ಪದ್ಯಗಳು ಮಾಯವಾಗುತ್ತಿದ್ದವು. ಮುದುಕಿಗೆ ಅದು ತಿಳಿಯುತ್ತಿತ್ತು; ಯಾವ ಪದ್ಯ ಹೋಯಿತೆಂದು ಬೆರಳಿಟ್ಟು ತೋರಿಸುವ ದಾರಿ ಇರಲಿಲ್ಲ. ತನ್ನ ಪೋಥಿಯನ್ನು ತಾನೇ, ಪೂರ್ತಿಯಾಗಿ, ಇನ್ನೊಮ್ಮೆ ಓದಬೇಕು. ಅವರಿಗೆ ಉಳಿದಿದ್ದ ಆಸೆ ಅದೊಂದೇ.

"ಮಾಧೂ," ಎಂದು ಒಂದು ದಿನ ಮಗನನ್ನು ಕೇಳಿದರು, "ನಿನ್ನ ಬಿಜಲಿ ದೀಪದಾಗ ಅಕ್ಷರ ಕಾಣ್ತಾವೇನೋ?"

"ಇರಬಿ ಕಾಲು ಸೈತ ಕಾಣ್ತಾವ ಅವ್ವಾ."

"ಏನು ಉರಸ್ತಿ ಅದರಾಗ? ಘಾಸಲೇಟ ಎಣ್ಣಿ ಆದ್ರ ದೇವರ ಖೋಲಿ ಹೊಸ್ತಿಲಾ ದಾಟಗೊಡಂಗಿಲ್ಲ ನೋಡು."

ಇದ್ದಿಲು ಎಂಬ ಮೂರಕ್ಷರದ ಉತ್ತರವಿತ್ತು. ಆದರೆ ಇದ್ದಿಲು ಎಂದರೆ ಸುಟ್ಟವರು ಯಾರು, ಹೊತ್ತವರು ಯಾರು, ಅವರ ಜಾತಿ ಯಾವುದು ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆಂದು ರಾಯರು ಹೆದರಿದರು. ಕಾನೂನು ಓದಿದವರು; ಹೆದರಿಕೆಯಾದಾಗ ನಾಲಿಗೆ ಚುರುಕಾಗುತ್ತದೆ.

"ನೀರಿನಿಂದ ಆಗತದ ಅವ್ವಾ. ಖಾನಾಪುರದಾಗ ಮಲಪ್ರಭಾ ನೀರು ಗಾಲಿ ತಿರಗಸ್ತದ."

ಮುದುಕಿ ಕೈ ಮುಗಿದರು. ಎರಡು ದಿನಗಳಲ್ಲಿ ಓಣಿಯ ಮಡಿವಂತರ ನಾಲ್ವತ್ತು ಮನೆಗಳಲ್ಲಿ ಒಂದೇ ಮಾತು: ಚಂದ್ರಭಾಗಾಬಾಯಿಯವರ ದೇವರ ಕೋಣೆಯಲ್ಲಿ ದೀಪ ಹತ್ತಿದ ಮರುದಿನ ನಮ್ಮಲ್ಲಿಯೂ ತಂತಿ ಎಳೆಯಿರಿ. ರಾಯರಿಗೆ ಅಷ್ಟು ಸಾಕಾಯಿತು. ಮೊದಲು ತಮ್ಮ ಮನೆಯ ದೇವರ ಕೋಣೆಗೇ ತಂತಿ ಎಳೆಸಿ ದೀಪದ ಗುಂಡಿ ಹಾಕಿಸಿದರು; ಉದ್ಘಾಟನೆಯಾಗುವುದಷ್ಟೇ ಬಾಕಿ. ತಾಯಿಗೆ ಹೇಳಿದ ಸುಳ್ಳು ಮರುವಾರ ಗುಲಾಬಿ ಬಣ್ಣ ತಾಳಿ ಊರಿಗೆ ಬಂತು.

ಆದರೆ ಭಕ್ತಿಗೆ ಒಂದು ಕೆಟ್ಟ ಚಾಳಿಯಿದೆ. ಅದು ಕೃತಜ್ಞತೆ ಸಲ್ಲಿಸಲು ಹೊರಡುತ್ತದೆ.

"ನಮಗ ಬೆಳಕು ಕೊಡಾಕತ್ಯಾಳ ಅಂದಮ್ಯಾಲ ಆಕೀ ಉಡಿ ತುಂಬಬೇಕಲ್ಲೋ," ಎಂದರು ಚಂದ್ರಭಾಗಾಬಾಯಿ. "ನಾ ಗಂಡ ಸತ್ತಾಕಿ, ತುಂಬೂ ಹಂಗಿಲ್ಲ. ಕುಂದಾ ತುಂಬತಾಳ, ನಾ ಬಾಜೂಕ ನಿಂತು ಕೈ ಮುಗೀತೀನಿ. ಆ ಗಾಲಿ ಇದ್ದ ಜಾಗಾಕ್ಕ ಕರಕೊಂಡು ಹೋಗು."

ರಾಯರು ನೇರವಾಗಿ ಶೆಡ್ಡಿಗೆ ಓಡಿದರು. ಅಲ್ಲಿದ್ದ ಇಂಜಿನ್ ಮಿಸ್ತ್ರಿ ಗುರುಪುತ್ರಪ್ಪ ಇಂಜಿನ್ನಿನ ಉಸಿರು ಕೇಳಿ ಅದರ ಜ್ವರ ಹೇಳಬಲ್ಲವನು.

"ಖಾನಾಪುರಕ್ಕ ಹೋಗಿ ಹೊಳಿಯಾಗ ಒಂದು ಗಾಲಿ ನಿಲ್ಲಸಪಾ."

"ರಾವಸಾಹೇಬರ, ನಾ ಇಂಜಿನ್ ಮಿಸ್ತ್ರಿ ಅದೀನ್ರಿ. ನಾಟಕದ ಪಡದಾ ಕಟ್ಟಾಂವ ಅಲ್ರಿ."

"ಒಂದು ತಾಸಿನ ಮಾತು. ಅವ್ವಗ ಕಣ್ಣರೇ ಎಲ್ಲಿ ಕಾಣ್ತಾವ?"

ಈ ಮಾತನ್ನು ಬರೆಯಲು ನನ್ನ ಲೇಖನಿ ನಾಚುತ್ತದೆ. ಆಡಲು ರಾಯರ ನಾಲಿಗೆ ನಾಚಲಿಲ್ಲ.

ಮರುದಿನ ಮುಂಜಾನೆಯ ಗಾಡಿಗೆ ಅತ್ತೆ ಸೊಸೆ ಖಾನಾಪುರದಲ್ಲಿ ಇಳಿದು ಹೊಳೆಯ ದಂಡೆಗೆ ಬಂದರು. ರಾಯರು ಕೋರ್ಟಿನ ಕೆಲಸದ ನೆವ ಹೇಳಿ ಬಂದಿರಲಿಲ್ಲ. ಸುಳ್ಳಿನ ಪ್ರದರ್ಶನಕ್ಕೆ ಅದರ ಕರ್ತೃವೇ ಗೈರುಹಾಜರು. ನೀರಿನಲ್ಲಿ ಒಂದು ಕಂಬ, ಕಂಬಕ್ಕೆ ಹಳೆಯ ಬಂಡಿಯ ಗಾಲಿ, ಗಾಲಿಯಿಂದ ಹೊರಟ ತಾಮ್ರದ ತಂತಿ ಪೊದೆಗಳ ಕಡೆಗೆ. ಮಾರ್ಗಶಿರದ ಹೊಳೆಗೆ ಗಾಲಿ ತಿರುಗಿಸುವಷ್ಟು ಸೆಳವೆಲ್ಲಿಯದು? ಗುರುಪುತ್ರಪ್ಪ ಧೋತರ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಮುಖ ಹಿಂಡಿಕೊಂಡು ಗಾಲಿಯನ್ನು ಕೈಯಿಂದ ತಿರುಗಿಸುತ್ತಿದ್ದನು. ಕುಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕಿರ್ ಕಿರ್ ಅಂತದಲ್ಲ ಗಾಲಿ," ಎಂದರು ಚಂದ್ರಭಾಗಾಬಾಯಿ. "ಎಣ್ಣಿ ಹಾಕಿಲ್ಲೇನಪಾ?"

"ಎಣ್ಣಿ ಇಲ್ಲ ಅಂತ ಛಾಪಿಸಿಬಿಟ್ಟಾರ್ರಿ ಬಾಯಾರ. ಹ್ಯಾಂಗ ಹಾಕಲಿ?"

ಆಗ ಸ್ವಲ್ಪ ಕೆಳಗೆ ಮೊಣಕೈಯವರೆಗಿನ ಮಸಿ ತೊಳೆದುಕೊಳ್ಳುತ್ತಿದ್ದ ಹೆಂಗಸೊಬ್ಬಳು ನಗುತ್ತ ಹತ್ತಿರ ಬಂದಳು. "ಯಣ್ಣಾ, ಬಂಡಿ ಗಾಲಿಗಿ ಯಾಕ ಜಳಕ ಮಾಡಸಾಕ ಹತ್ತೀದಿ? ಮದವಿ ಐತೇನು ಅದರದು?"

"ಯಾರವಾ ನೀ?" ಎಂದು ಚಂದ್ರಭಾಗಾಬಾಯಿ ದನಿ ಬಂದ ಕಡೆಗೆ ತಿರುಗಿದರು.

"ನಾ ಮಾಯಕ್ಕರೀ ಯವ್ವಾ. ಹಲಸಿ ಕಡೆ ಅಡವ್ಯಾಗ ಇದ್ದಲಿ ಸುಡ್ತೇವಿ, ನಾನು ನನ್ನ ಗಂಡ ಬೀರಣ್ಣ. ಮೊದಲ ಕುರಿ ಕಾಯ್ತಿದ್ದಿವಿ. ಕುರಿ ಹೋದುವು, ಭಟ್ಟಿ ಬಂತು."

"ಇದ್ದಲಿ ಎಲ್ಲಿಗೆ ಹೋಗತದ?"

"ಬೆಳಗಾವಿ ಇಂಜಿನ್ನಿಗಿ. ಅದನ್ನ ಸುಟ್ಟು ಊರಿಗೆಲ್ಲಾ ದೀಪ ಹಚ್ತಾರಂತ. ಖರೇನೋ ಸುಳ್ಳೋ ಇವನ್ನ ಕೇಳ್ರಿ. ಇಂವನ ಬಂದು ಇದ್ದಲಿ ಬಡದು ನೋಡಿ ಒಯ್ತಾನ."

ಗುರುಪುತ್ರಪ್ಪ ಗಾಲಿಯಿಂದ ಕೈ ತೆಗೆದನು. ಗಾಲಿ ನಿಂತಿತು. ಮಲಪ್ರಭೆ ಮಾತ್ರ ತನ್ನ ಪಾಡಿಗೆ ಹರಿಯುತ್ತಿದ್ದಳು.

"ಕುಂದಾ, ತಂತಿ ಎಲ್ಲಿಗೆ ಹೋಗೇದ ನೋಡು."

"ಗಿಡಕ್ಕ ಕಟ್ಯಾರ ಅತ್ತಿಯವರ."

"ಗಿಡದಾಗ ದೀಪ ಹತ್ತೇದೇನು?"

"ಇಲ್ಲರೀ."

ಚಂದ್ರಭಾಗಾಬಾಯಿ ಹೊಳೆಯ ಕಡೆಗೆ ತಿರುಗಿ ಕೈ ಮುಗಿದರು. ಆಮೇಲೆ ಹೇಳಿದರು: "ಉಡಿ ತುಂಬು. ಹೊಳಿ ಏನು ತಪ್ಪ ಮಾಡ್ಯಾಳ?"

ಅಂದು ಸಂಜೆ ರಾಯರು ಪೇಟೆಯಿಂದ ಬಂದು ಅಂಗವಸ್ತ್ರ ಗೂಟಕ್ಕೆ ಹಾಕುವ ಮೊದಲೇ ವಿಚಾರಣೆ ಆರಂಭವಾಯಿತು.

"ಇದ್ದಲಿ ಸುಟ್ಟು ದೀಪ ಮಾಡತೀಯಂತಲ್ಲೋ."

"ಅವ್ವಾ, ನಿನ್ನ ಮಡಿಗೆ ಅಡ್ಡಿ ಆದೀತು ಅಂತ…"

"ಇದ್ದಲಿ ಶೇಗಡಿ ಮ್ಯಾಲ ಅನ್ನಾ ಬೇಯಿಸಿ ನಿನ್ನ ಇಷ್ಟೆತ್ತರ ಬೆಳಸೀನಿ. ಆ ಶೇಗಡಿಯಾಗೇನು ಮಲಪ್ರಭಾ ಹರೀತಿದ್ದಳೇನು? ಬೆಂಕಿಗೆ ಎಲ್ಲೀ ಮೈಲಿಗಿ? ಮೈಲಿಗಿ ಆದದ್ದು ನಿನ್ನ ಬಾಯಿ."

"ಈಗ ಏನು ಮಾಡಂತೀ?"

"ನಾಲ್ಕು ಮಂದಿ ಮುಂದ ನಿಂತು, ಇದು ಇದ್ದಲಿ ದೀಪ, ಖಾನಾಪುರದ ಅಡವ್ಯಾಗ ಮಂದಿ ಮೈ ಸುಟಗೊಂಡು ಮಾಡಿದ್ದು ಅಂತ ಹೇಳು. ಅಲ್ಲೀತನಕ ದೇವರ ಖೋಲಿ ಗುಂಡಿ ನಾ ಒತ್ತೂದಿಲ್ಲ. ಪೋಥಿ ಕುಂದಾನೇ ಓದಲಿ, ಕುಂದಾನೇ ನುಂಗಲಿ."

ಓದುವ ಆಸೆಯನ್ನೇ ಪಣಕ್ಕೊಡ್ಡಿ ಕುಳಿತ ತಾಯಿಯ ಮುಂದೆ ಮಗನಾದವನು ಏನು ಮಾಡಬೇಕು? ಮೂರನೆಯ ಇಯತ್ತೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ರಾಯರು ಮೂರನೆಯ ಇಯತ್ತೆಯನ್ನು ದಾಟಿ ಬಹಳ ದೂರ ಹೋಗಿದ್ದರು. ಅಚ್ಚಾದ ಮಾತನ್ನು ತಿದ್ದುವುದು ಮಾನಹಾನಿ. ಅಚ್ಚಾದ ಮಾತಿಗೆ ತಕ್ಕಂತೆ ವಸ್ತುವನ್ನೇ ತಿದ್ದಿದರೆ? ಇದ್ದಿಲಿಗೆ ಮಲಪ್ರಭೆಯ ನೀರು ಸೋಕಿದರೆ ದೀಪವು ಮಲಪ್ರಭೆಯದೂ ಆಗುತ್ತದೆ, ಕಾಗದವೂ ನಿಜವಾಗುತ್ತದೆ, ತಾನು ಯಾರ ಮುಂದೆಯೂ ಬಾಯಿಬಿಡಬೇಕಾಗಿಲ್ಲ! ಹೀಗೆ ಆ ಮಹನೀಯರು ಸತ್ಯ ಹೇಳುವುದನ್ನು ಬಿಟ್ಟು ಸುಳ್ಳಿಗೆ ನೀರು ಚಿಮುಕಿಸಲು ನಿಶ್ಚಯಿಸಿದರು.

ಉದ್ಘಾಟನೆಯ ಹಿಂದಿನ ದಿನ ಖಾನಾಪುರದಿಂದ ಹಿತ್ತಾಳೆಯ ಕೊಡಗಳಲ್ಲಿ ಹೊಳೆಯ ನೀರು ಬಂತು. ಪುರೋಹಿತ ಬಾಳಕೃಷ್ಣಭಟ್ಟರು ಶೆಡ್ಡಿನ ಅಂಗಳದಲ್ಲಿ ಸಾಲಾಗಿಟ್ಟ ಚೀಲಗಳಿಗೆ ದರ್ಭೆಯಿಂದ ಪ್ರೋಕ್ಷಣೆ ಆರಂಭಿಸಿದರು. ಐದು ಚೀಲಗಳವರೆಗೆ ಮಂತ್ರವೂ ಹನಿಯೂ ಸರಿಯಾಗಿದ್ದವು. ಆರನೆಯದಕ್ಕೆ ಸೊಂಟ ನೋಯತೊಡಗಿತು.

"ಉಳಿದದ್ದಕ್ಕ ಕೊಡಾನೇ ಸುರುವ್ರೋ," ಎಂದು ಹಮಾಲರಿಗೆ ಅಪ್ಪಣೆ ಮಾಡಿದರು.

ಗುರುಪುತ್ರಪ್ಪ ಅಡ್ಡ ಬಂದನು. "ಭಟ್ಟರ, ಹಸೀ ಇದ್ದಲಿಗೆ ಗ್ಯಾಸ ಹುಟ್ಟೂದಿಲ್ರಿ. ಇಂಜಿನ್ ಸಾಯತೈತಿ."

"ಮೊನ್ನೆ ನೀನೇ ಹೇಳಿದಿಲ್ಲೋ, ಗ್ಯಾಸ ಜಳಕ ಮಾಡೇ ಇಂಜಿನ್ನಿನ ಒಳಗ ಹೋಗತದ ಅಂತ?"

"ಗ್ಯಾಸ ಮಾಡತೈತ್ರಿ. ಇದ್ದಲಿ ಮಾಡಂಗಿಲ್ರಿ."

"ಮಗಳು ಜಳಕಾ ಮಾಡಬೇಕು, ಅವ್ವ ಮಾಡಬಾರದು? ಯಾವ ಶಾಸ್ತ್ರದಾಗ ಅದ ಹೇಳು!"

ಗುರುಪುತ್ರಪ್ಪ ರಾಯರ ಬಳಿಗೆ ಓಡಿದನು. ರಾಯರು ಕನ್ನಡಿಯ ಮುಂದೆ ಭಾಷಣ ಬಾಯಿಪಾಠ ಮಾಡುತ್ತಿದ್ದರು. "ಅಪಶಕುನ ನುಡೀಬ್ಯಾಡ," ಎಂದು ಅವನನ್ನು ಕಳುಹಿಸಿದರು.

ಉದ್ಘಾಟನೆಯ ಸಂಜೆ ಶೆಡ್ಡಿನ ಮುಂದೆ ಚಪ್ಪರ. ಕಲೆಕ್ಟರ್ ಸಾಹೇಬರು, ವಕೀಲರು, ವ್ಯಾಪಾರಸ್ಥರು, ಓಣಿಯ ನಾಲ್ವತ್ತು ಮನೆಗಳ ಯಜಮಾನರು ಎಲ್ಲರೂ ಇದ್ದರು. ಯಾರ ಸಲುವಾಗಿ ಈ ದೀಪದ ಮಾತು ಮನೆಯಲ್ಲಿ ಹುಟ್ಟಿತೋ ಆ ತಾಯಿ ಮಾತ್ರ ಇರಲಿಲ್ಲ; ವಿಧವೆ ಮಂಗಲಕಾರ್ಯದಲ್ಲಿ ಕಾಣಿಸಿಕೊಳ್ಳಬಾರದಂತೆ. ಇದ್ದಿಲು ಸುಟ್ಟ ಮಾಯಕ್ಕ ಮತ್ತು ಬೀರಣ್ಣ ಹಿಂದಿನ ದಿನವೇ ಸರಕಿನ ಗಾಡಿಯಲ್ಲಿ ಆ ಚೀಲಗಳ ಜೊತೆ ಬಂದು ಸ್ಟೇಶನ್ನಿನಲ್ಲಿ ಉಳಿದಿದ್ದರು. ತಮ್ಮ ದೀಪ ಹೇಗಿದೆಯೆಂದು ನೋಡುವ ಹಂಬಲ ಅವರಿಗೆ. ಅವರನ್ನು ಬಿದಿರಿನ ಬೇಲಿಯ ಹೊರಗೆ ನಿಲ್ಲಿಸಲಾಗಿತ್ತು. ತಾಯಿಗೂ ದುಡಿದವರಿಗೂ ಜಾಗವಿಲ್ಲದ ಚಪ್ಪರದಲ್ಲಿ ಹಾರಗಳಿಗೆ ಮಾತ್ರ ಕೊರತೆಯಿರಲಿಲ್ಲ.

ಒಲೆಯೊಳಗೆ ಮೊದಲೇ ಇದ್ದ ಒಣ ಇದ್ದಿಲು, ಹನಿಯಷ್ಟೇ ಬಿದ್ದ ಐದು ಚೀಲಗಳ ಇದ್ದಿಲು ಇವುಗಳ ಬಲದಿಂದ ಇಂಜಿನ್ನು ಧಪ್ ಧಪ್ ಎಂದು ನಡೆದಿತ್ತು. ಚಪ್ಪರದ ಇಪ್ಪತ್ತೊಂದು ದೀಪಗಳು ಝಗ್ಗನೆ ಹೊತ್ತಿಕೊಂಡವು. ಚಪ್ಪಾಳೆ ಬಿತ್ತು. ರಾಯರು ಎದ್ದು ನಿಂತರು.

"ಮಲಪ್ರಭಾ ಮಾತೆಯ ಪವಿತ್ರ ಜಲದ ಕೃಪೆಯಿಂದ…"

ಅಷ್ಟರಲ್ಲಿ ಮೇಲಿನ ಹಸಿ ಇದ್ದಿಲು ಕೆಳಗಿನ ಕೆಂಡಕ್ಕೆ ಇಳಿಯಿತು. ದೀಪಗಳು ಹಳದಿಯಾದವು, ಕೆಂಪಾದವು, ಊದಿನಕಡ್ಡಿಯ ತುದಿಯಷ್ಟಾದವು. ಶೆಡ್ಡಿನಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ನಿಂತುಬಿಟ್ಟಿತು. ನಸುಗತ್ತಲೆಯಲ್ಲಿ ಯಾರೋ ವಕೀಲರು ಗಟ್ಟಿಯಾಗಿ ಹೇಳಿದರು: "ಮಾತೆ ಭಾಷಣಾ ಕೇಳಲಾರದ ಎದ್ದು ಹೋದಳು!"

ನಗುವಿನ ನಡುವೆ ಬೇಲಿಯ ಕಡೆಯಿಂದ ಇನ್ನೊಂದು ದನಿ ಬಂತು. ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಅಂಗಳದ ಚೀಲದಿಂದ ಮಾಯಕ್ಕ ಎರಡು ತುಂಡು ಇದ್ದಿಲು ತೆಗೆದು ಒಂದಕ್ಕೊಂದು ಬಡಿದಿದ್ದಳು. ಒಣ ಇದ್ದಿಲು ಕಿಣಿ ಎನ್ನುತ್ತದೆ. ಇದು ಥಪ್ ಎಂದಿತು.

"ಯಾವಾಂವ ಅಂವಾ ನಮ್ಮ ಇದ್ದಲಿಗಿ ಜಳಕ ಮಾಡಿಸಿದಾಂವಾ?"

ಬಾಳಕೃಷ್ಣಭಟ್ಟರು ಕಂಬದ ಮರೆಗೆ ಸರಿದರು.

ಗುರುಪುತ್ರಪ್ಪ ಟಾಂಗಾ ಹತ್ತಿದನು. ಪೇಟೆಯಲ್ಲಿ ಇದ್ದಿಲಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅಂಗಡಿಕಾರರು ದೀಪ ನೋಡಲು ಹೋಗಿದ್ದರು. ಒಣ ಇದ್ದಿಲು ಖಂಡಿತವಾಗಿ ಇರುವ ಮನೆ ಒಂದೇ. ರಾಯರ ಹಿತ್ತಲ ಬಾಗಿಲಲ್ಲಿ ಅವನು ಕೂಗಿದನು:

"ಬಾಯಾರ, ಒಣಾ ಇದ್ದಲಿ ಇದ್ರ ಕೊಡ್ರಿ. ಇಂಜಿನ್ ಸತ್ತೈತಿ."

"ಏನಾಗಿತ್ತೋ ಅದಕ್ಕ?"

"ಮಡೀಲೆ ಸತ್ತೈತ್ರಿ. ಇದ್ದಲಿಗೆ ಹೊಳಿ ನೀರು ಸುರುವಿದ್ರು, ರಾವಸಾಹೇಬರು ಹೇಳಿ."

ಚಂದ್ರಭಾಗಾಬಾಯಿಯವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗು ನಿಂತಾಗ ಮುಖದಲ್ಲಿ ನಗುವಿನ ಗುರುತೂ ಇರಲಿಲ್ಲ.

"ಅಡಗೀ ಮನಿ ಮೂಲ್ಯಾಗ ಎರಡು ಚೀಲ ಅವ. ಹೊರು. ಚೀಲದ ಕೂಡ ನಾನೂ ಬರ್ತೀನಿ."

"ಅತ್ತಿಯವರ, ಮಂದಿ ಏನಂದಾರು?" ಎಂದಳು ಕುಂದಾ.

"ಮಂದಿ ಕತ್ತಲಾಗ ಕುಂತಾರ. ಅವರಿಗೇನು ಕಾಣ್ತದ?"

ವಿಧವೆಯ ಕೆಂಪು ಸೀರೆಯುಟ್ಟ ಮುದುಕಿ ಇದ್ದಿಲಿನ ಚೀಲಗಳ ನಡುವೆ ಟಾಂಗಾದಲ್ಲಿ ಕುಳಿತು ಚಪ್ಪರಕ್ಕೆ ಬಂದಾಗ ಕಂದೀಲುಗಳ ಬೆಳಕಿನಲ್ಲಿ ಸಭೆಯ ತಲೆಗಳೆಲ್ಲ ಅತ್ತ ತಿರುಗಿದವು. ಗುರುಪುತ್ರಪ್ಪ ಚೀಲಕ್ಕೆ ಕೈಹಾಕಿದನು. ಅವರು ಅದರ ಮೇಲೆ ತಮ್ಮ ಕೈ ಇಟ್ಟರು.

"ತಡಿ. ಮಾಧೂ, ಈ ಚೀಲದಾಗ ಏನದ ಇವರಿಗೆ ಹೇಳು."

"ಅವ್ವಾ, ಸಾಹೇಬರು ಕೂತಾರ."

"ಕೂತಾರಂತನೇ ಹೇಳು ಅಂದೆ. ನೀ ಹೇಳೂತನಕ ಚೀಲ ಇಳಿಯೂದಿಲ್ಲ. ನನಗೂ ದೀಪ ಬ್ಯಾಡ, ನಿನಗೂ ಬ್ಯಾಡ."

ರಾಯರು ಕತ್ತಲಾದ ದೀಪಗಳನ್ನು ನೋಡಿದರು, ಸಾಹೇಬರನ್ನು ನೋಡಿದರು, ನಾಲ್ವತ್ತು ಯಜಮಾನರನ್ನು ನೋಡಿದರು. "ಇದ್ದಲಿ," ಎಂದರು.

"ಹಿಂದ ಕೂತವರಿಗೆ ಕೇಳಲಿಲ್ಲ."

"ಇದ್ದಲಿ!"

"ಎಲ್ಲೀದು?"

"ಖಾನಾಪುರದ್ದು. ದೀಪ ಇದರಿಂದನೇ ಹತ್ತತಾವ. ನೀರಿನಿಂದಲ್ಲ."

"ಯಾರು ಸುಟ್ಟದ್ದು?"

ರಾಯರು ಗುರುಪುತ್ರಪ್ಪನ ಮುಖ ನೋಡಿದರು. ಈ ಸಲ ಅದು ಸುಳ್ಳಿನ ಹಟವಲ್ಲ, ಬರೀ ಅಜ್ಞಾನ. ಊರಿಗೆ ಬೆಳಕು ಕೊಡಲು ಹೊರಟವರಿಗೆ ಇದ್ದಿಲು ಸುಟ್ಟವರ ಹೆಸರು ಗೊತ್ತಿರಲಿಲ್ಲ.

ಬೇಲಿಯ ಹೊರಗಿನಿಂದ ಕೂಗು ಬಂತು: "ಬೀರಣ್ಣ, ಮಾಯಕ್ಕ ಅಂತ ಬರಕೋರಿ!"

"ಕೇಳಿತಲ್ಲ? ಅವರನ್ನ ಒಳಗ ಕರಿ," ಎಂದು ಚಂದ್ರಭಾಗಾಬಾಯಿ ಚೀಲದಿಂದ ಕೈ ತೆಗೆದರು.

ಒಲೆ ಮತ್ತೆ ಹದಕ್ಕೆ ಬರಲು ಅರ್ಧ ತಾಸು ಬೇಕಾಗಿತ್ತು. ಬೀರಣ್ಣ ಗಾಳಿಯ ಪಂಖವನ್ನು ಕೈಯಿಂದ ತಿರುಗಿಸಿದನು. ಮಾಯಕ್ಕ ಹಸಿ ಇದ್ದಿಲನ್ನು ಕೆದಕಿ ತೆಗೆದು ಒಣದನ್ನು ಬಡಿದು ಬಡಿದು ಆರಿಸಿ ಕೊಟ್ಟಳು. ಆ ಅರ್ಧ ತಾಸನ್ನು ತುಂಬಿಸಲು ರಾಯರಿಗೆ ನಿಜವಲ್ಲದೆ ಬೇರೆ ಸಾಮಗ್ರಿ ಉಳಿದಿರಲಿಲ್ಲ. ಇದ್ದಿಲು ಹೇಗೆ ಗ್ಯಾಸಾಗುತ್ತದೆ, ಗ್ಯಾಸನ್ನು ಏಕೆ ತೊಳೆಯುತ್ತಾರೆ, ಗಾಲಿ ಏನು ಮಾಡುತ್ತದೆ, ಎಲ್ಲವನ್ನೂ ವಿವರಿಸಿದರು. ದ್ವೇಷವಿಲ್ಲದೆ ಹೇಳುತ್ತೇನೆ, ಒಳ್ಳೆಯ ಪಾಠವಾಗಿತ್ತು. ಕಲೆಕ್ಟರ್ ಸಾಹೇಬರು ಎರಡು ಪ್ರಶ್ನೆ ಕೇಳಿದರು. ನಾಲ್ವತ್ತು ಯಜಮಾನರಲ್ಲಿ ಇಬ್ಬರು ಎದ್ದುಹೋದರು. ಉಳಿದವರು ಕೇಳಿದ ಪ್ರಶ್ನೆ ಒಂದೇ: "ನಮ್ಮ ಮನೀಗೆ ತಂತಿ ಯಾವಾಗ?" ಅಷ್ಟು ಶ್ರಮಪಟ್ಟು ಸಾಕಿದ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ!

ಇಂಜಿನ್ನು ಧಪ್ ಎಂದಿತು. ಮತ್ತೊಮ್ಮೆ ಧಪ್. ದೀಪಗಳು ಹತ್ತಿದವು. "ಅಯ್ಯ, ಇಷ್ಟ ಬೆಳ್ಳಗ ಐತೇನು!" ಎಂದು ಮಾಯಕ್ಕ ತನ್ನ ಕರಿಯ ಕೈಗಳನ್ನು ಆ ಬೆಳಕಿನಲ್ಲಿ ಹಿಂದೆ ಮುಂದೆ ಮಾಡಿ ನೋಡಿದಳು.

ಚಂದ್ರಭಾಗಾಬಾಯಿ ಭಾಷಣಗಳಿಗೆ ನಿಲ್ಲಲಿಲ್ಲ. ಮನೆಗೆ ಬಂದು, ಜಳಕ ಮಾಡಿ, ದೇವರ ಕೋಣೆಯ ಗುಂಡಿಯನ್ನು ತಾವೇ ಒತ್ತಿದರು. ಪೋಥಿಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಮೊದಲ ಪದ್ಯಕ್ಕೆ ಬಹಳ ಹೊತ್ತು ಹಿಡಿಯಿತು. ಎರಡನೆಯದು ಸುಲಭವಾಯಿತು. ಐದನೆಯದಕ್ಕೆ ಬಂದಾಗ ಬೆರಳು ನಿಂತಿತು.

"ಕುಂದಾ!"

"ಏನ್ರಿ ಅತ್ತಿಯವರ? ಒಲೀ ಮ್ಯಾಲ ಸಾರು ಅದ."

"ಸಾರು ಇಳಿಸಿ ಬಾ. ಈಗ ಓದಿದ ನಾಲ್ಕು ಪದ್ಯ ಎರಡು ವರ್ಷದಾಗ ಒಮ್ಮೆರೇ ನನ್ನ ಕಿವೀಗೆ ಬಿದ್ದಿಲ್ಲಲ್ಲ? ನಿನ್ನ ಗಂಡ ಇದ್ದಲಿ ಹೆಸರು ನುಂಗಿದ, ನೀ ಪದ್ಯ ನುಂಗಿದಿ. ಛಲೋ ಜೋಡಿ ಕೂಡೀರಿ! ಕುಂದರು ಇಲ್ಲೆ. ಮೊದಲಿನಿಂದ ನಾ ಓದತೀನಿ, ನೀ ಕೇಳು."